ಕಲ್ಲಂಗಡಿ ಮೇಲೆ ಟೊರಾಂಟೊ

ಬ್ರೂಸ್‌ಪೇಟೆಯ ಸಂದಿಯೊಂದರಲ್ಲಿದ್ದ ಆ ಜೀನ್ಸ್ ಕಾರ್ಖಾನೆಯಲ್ಲಿ ಭಾಗ್ಯಳ ಕೆಲಸ, ಹೊಲಿದ ಪ್ಯಾಂಟುಗಳಲ್ಲಿ ಉಳಿದ ದಾರ ಕತ್ತರಿಸುವುದು. ಏಳನೇ ತರಗತಿಗೇ ಶಾಲೆ ಬಿಟ್ಟು ಕರೂರು ಹಳ್ಳಿಯಿಂದ ಬಂದವಳ ಕಣ್ಣು ಮೂರು ವರ್ಷದಿಂದ ಬಟ್ಟೆ ಕತ್ತರಿಸುವ ಮೇಜಿನ ಮೇಲಿತ್ತು. ಈಗ ಅಲ್ಲೊಂದು ಜಾಗ ಖಾಲಿಯಾಗಿತ್ತು. ಅದನ್ನು ಯಾರಿಗೆ ಕೊಡಬೇಕೆಂಬುದು ಕಟಿಂಗ್ ಮಾಸ್ಟರ್ ಚಂದ್ರಣ್ಣನ ಕೈಯಲ್ಲಿತ್ತು. ಕೇಳಬೇಕೆಂದು ಎರಡು ಸಲ ಅವನ ತನಕ ಹೋಗಿ, ಸೂಜಿ ಬೇಕಿತ್ತೆಂದು ಹೇಳಿ ವಾಪಸು ಬಂದಿದ್ದಳು.

ಅವತ್ತು ಮಧ್ಯಾಹ್ನ ಮಾಲೀಕ ಗವಿಸಿದ್ದೇಶ್ ಟಿಕೆಟ್ ಹಿಡಿದು ಬಂದರು. ಜೀನ್ಸ್ ಕೊಳ್ಳುವವರನ್ನು ಕಾಣಲು ದಿಲ್ಲಿಯಿಂದ ಟೊರಾಂಟೊಗೆ ನೇರ ವಿಮಾನ, ಹದಿನೈದು ತಾಸಿನ ಪ್ರಯಾಣ. ಕುರುಗೋಡಿನ ಆ ಮನುಷ್ಯ ಅದುವರೆಗೆ ವಿಮಾನ ಹತ್ತಿದವರಲ್ಲ. ಏಜೆಂಟ್ ಕೊಟ್ಟ ಹಾಳೆಯಲ್ಲಿ ದಾರಿ ಕಾಮನಬಿಲ್ಲಿನಂತೆ ಬಾಗಿ, ಮೇಲ್ತುದಿಯ ಹಿಮ ದಾಟಿ ಇಳಿದಿತ್ತು.

ಚಂದ್ರಣ್ಣ ಕೊರಳಿನ ಟೇಪು ತೆಗೆದು ಗೋಡೆಗೆ ತೂಗುಹಾಕಿದ್ದ ಜಗತ್ತಿನ ಭೂಪಟ ಅಳೆದ. ನೇರವಾಗಿ ಹೋದರೆ ಇಪ್ಪತ್ತು ಇಂಚು, ಬಾಗಿದ ದಾರಿ ಮೂವತ್ತು.

“ಏಜೆಂಟ ನಿಮಗ ಸುತ್ತು ಹಾಕಸ್ತಾನ್ರಿ. ಸಿರುಗುಪ್ಪಕ್ಕ ಹೋಗಾಕ ಕುಡತಿನಿ ಮ್ಯಾಲೆ ಹೋದಂಗ ಆತು.”

ಚಂದ್ರಣ್ಣನ ಟೇಪು ಸುಳ್ಳು ಹೇಳಿದ್ದನ್ನು ಗವಿಸಿದ್ದೇಶ್ ಕಂಡಿರಲಿಲ್ಲ. ಟಿಕೆಟ್ ರದ್ದು ಮಾಡಿಸಲು ಫೋನ್ ತೆಗೆದರು.

ಭಾಗ್ಯ ಕೈಯ ಕತ್ತರಿ ಕೆಳಗಿಟ್ಟಳು. ಮೇಜಿನ ಮೇಲೆ ಚಪ್ಪಟೆ ಹಾಸಿದ ಬಟ್ಟೆಯ ಅಳತೆ ಬೇರೆ, ಮೈ ಸುತ್ತಿದ ಮೇಲಿನ ಅಳತೆ ಬೇರೆ ಎಂಬುದನ್ನು ನೋಡಿ ನೋಡಿಯೇ ಕಲಿತಿದ್ದಳು. ಮಾಸ್ಟರದು ತಪ್ಪೆಂದು ಎಲ್ಲರೆದುರು ಹೇಳಿದರೆ ಮೇಜಿನ ಆಸೆ ಬಿಡಬೇಕು. ಆದರೆ ತಪ್ಪು ಅಳತೆಯೇ ಸರಿಯೆಂದು ಉಳಿಯುವುದನ್ನು ನೋಡುತ್ತ ಕೂರಲು ಅವಳಿಂದಾಗಲಿಲ್ಲ. ಎದ್ದು, ಹೊಲಿಗೆಯ ಮೂಕಮ್ಮ ಎಲ್ಲರಿಗೂ ಹಂಚಲು ತಂದಿದ್ದ ಕಲ್ಲಂಗಡಿ ಎತ್ತಿಕೊಂಡು ಬಂದಳು. ತೊಟ್ಟು ಮೇಲೆ ಮಾಡಿ ಇಟ್ಟು, ತೊಟ್ಟಿನ ಆಚೆ ಈಚೆ ಸೀಮೆಸುಣ್ಣದಿಂದ ಎರಡು ಚುಕ್ಕಿ ಇಟ್ಟಳು. ತೊಟ್ಟು ಹಿಮದ ತುದಿ, ಇದು ದಿಲ್ಲಿ, ಅದು ಟೊರಾಂಟೊ ಎಂದಳು. ಉಳಿದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

“ಮಾಸ್ಟರ್ರೇ, ಭೂಮಿ ಗುಂಡಗ ಐತಲ್ರಿ. ಇದರ ಮ್ಯಾಲೆ ಅಳೀರಿ.”

ಚಂದ್ರಣ್ಣ ಹುಬ್ಬು ಗಂಟಿಕ್ಕಿ ಅಳೆದ. ಪಕ್ಕದಿಂದ ಬಳಸಿದರೆ ಹನ್ನೊಂದು ಇಂಚು, ತೊಟ್ಟಿನ ಮೇಲಿಂದ ಹಾದರೆ ಒಂಬತ್ತು. ಮತ್ತೆ ಅಳೆದ. ಮೂರನೇ ಸಲಕ್ಕೆ ಮೂಕಮ್ಮ, ಹಣ್ಣು ಸವೆದೀತು ಎಂದು ಎಚ್ಚರಿಸಿದಳು.

ಗವಿಸಿದ್ದೇಶ್ ಫೋನ್ ಜೇಬಿಗಿಳಿಸಿದರು. ಅವರಿಗೀಗ ಬೇರೆಯೇ ಚಿಂತೆ. ತೊಟ್ಟಿನ ಹತ್ತಿರ ಬಹಳ ಥಂಡಿ ಇರಬಹುದು, ಕಂಬಳಿ ಕೊಡುತ್ತಾರೋ ಇಲ್ಲವೋ ಎಂದು ಕೇಳುತ್ತ ಹೊರಟರು.

ಚಂದ್ರಣ್ಣ ಟೇಪನ್ನು ನಿಧಾನವಾಗಿ ಸುತ್ತಿದ. ಭಾಗ್ಯ ಕಲ್ಲಂಗಡಿಯನ್ನು ಮೂಕಮ್ಮನಿಗೆ ಕೊಟ್ಟು ತಿರುಗಿದಳು.

“ನಾಳಿಂದ ಮೇಜಿಗೆ ಬಾ” ಎಂದ. “ಆದರ ನಾ ತಪ್ಪು ಅಳದ್ರ ಎಲ್ಲಾರ ಮುಂದ ಹಣ್ಣು ತರಬ್ಯಾಡವ್ವಾ, ಕಿವ್ಯಾಗ ಹೇಳು.”

ಅವಳು ತಲೆಯಾಡಿಸಿದಳು. ಅಷ್ಟು ಹೊತ್ತಿಗೆ ಮೂಕಮ್ಮ ಹಣ್ಣು ಹೆಚ್ಚಿ, ಟೊರಾಂಟೊ ಚುಕ್ಕಿ ಇದ್ದ ಹೋಳನ್ನು ಅವಳ ಕೈಗಿಟ್ಟಿದ್ದಳು.