ದೇವರ ಮೂಲೆಯ ಪೆನ್‌ಡ್ರೈವ್

ಜಮಖಾನದ ನೇಯ್ಗೆಗೆ ಹೆಸರಾದ ನಮ್ಮೂರು ಚಿಪ್ರೋವ್ತ್ಸಿಯಲ್ಲಿ ಯಾರ ಮನೆಯ ಮಗ್ಗ ಸುಮ್ಮನಾದರೂ ಬೀದಿಗೆಲ್ಲ ಗೊತ್ತಾಗುತ್ತದೆ. ಸ್ಪಾಸ್ಕಾಳ ಮನೆಯ ಮಗ್ಗ ನಿಂತದ್ದು ಕಂಪ್ಯೂಟರ್ ಕೆಟ್ಟಿದ್ದರಿಂದ. ನಗಬೇಡಿ, ನಿಜ. ಅವಳ ಅತ್ತೆ ಗೆನಾ ಅಜ್ಜಿಯ ತಾಯಿ ನೇಯ್ದಿದ್ದ ಜಮಖಾನವನ್ನು ನುಸಿ ತಿಂದು ಹಾಕಿತ್ತು. ಪೂರ್ತಿ ಪುಡಿಯಾಗುವ ಮೊದಲು ಸ್ಪಾಸ್ಕಾ ಅದರ ಗೇಣು ಗೇಣಿನ ಫೋಟೊ ತೆಗೆದು ಕಂಪ್ಯೂಟರಿನಲ್ಲಿಟ್ಟು, ಅದನ್ನೇ ನೋಡಿಕೊಂಡು ಹೊಸದನ್ನು ನೇಯುತ್ತಿದ್ದಳು. ಆ ಫೋಟೊಗಳಿಗೆ ಬೇರೆ ಪ್ರತಿ ಇರಲಿಲ್ಲ. ಅಜ್ಜಿಯೇ ಹೇಳಿಕೊಡಲಿ ಎಂದರೆ ಅವಳ ಕಣ್ಣು ಮಂಜಾಗಿದೆ.

"ರಿಪೇರಿ ಅಂಗಡಿಯವನು ಎಲ್ಲ ಅಳಿಸಿ ಹೊಸದಾಗಿ ಹಾಕ್ಕೊಡ್ತಾನಂತೆ," ಎಂದ ಸ್ಪಾಸ್ಕಾಳ ಗಂಡ ಕರಂಫಿಲ್.

"ಅಳಿಸಿದ ಮೇಲೆ ಜಮಖಾನ ಎಲ್ಲಿಂದ ತರ್ತೀಯೋ?" ಎನ್ನುತ್ತಾ ಒಳಗೆ ಬಂದಳು ಪಕ್ಕದ ಮನೆಯ ಸೆವ್ದಾ. ಊರಿನ ವಾಚನಾಲಯ ನೋಡಿಕೊಳ್ಳುವವಳು ಅವಳೇ. ಕಂಪ್ಯೂಟರಿಗೆ ಕಿವಿ ಕೊಟ್ಟು ಕೇಳಿದಳು. "ಒಳಗಿನ ಡಿಸ್ಕ್ ಟಕಟಕ ಅಂತಿದೆ. ಪದೇಪದೇ ಆನ್ ಮಾಡಬೇಡಿ, ಇನ್ನೂ ಕೆಡುತ್ತೆ. ಹೊರಗಿನ ಪೆನ್‌ಡ್ರೈವಿಂದ ಕಂಪ್ಯೂಟರ್ ಎಬ್ಬಿಸಿ, ಫೋಟೊ ಈಚೆ ತೆಗೀಬೇಕು."

ಗೆನಾ ಅಜ್ಜಿಗೆ ನಗು ಬಂತು. "ಹುರುಳಿಕಾಯಿಯಷ್ಟಿರೋದು ಈ ಪೆಟ್ಟಿಗೇನ ಎಬ್ಬಿಸುತ್ತಾ? ನನ್ನ ಮಗನ್ನ ಎಬ್ಬಿಸೋಕೇ ಕೋಲು ಬೇಕು!"

ಕರಂಫಿಲ್ ಶುಕ್ರವಾರದ ಸಂತೆಯಲ್ಲಿ ಕೊಂಡ ಪೆನ್‌ಡ್ರೈವ್ ತಂದ. "ಇದರಲ್ಲಿ ಊರಿಗೆ ಊರೇ ಹಿಡಿಯುತ್ತಂತೆ. ಒಂದು ಕಾಫಿ ದುಡ್ಡಿಗೆ ಸಿಕ್ತು."

"ಮೇಲೆ ಬರೆದಿರೋದೊಂದು, ಒಳಗಿರೋದೊಂದು," ಎಂದಳು ಸೆವ್ದಾ. " ಇಂಥವು ಅರ್ಧದಲ್ಲೇ ಕೈ ಕೊಡ್ತವೆ."

ಆಗ ಅಜ್ಜಿ ಎದ್ದು, ದೇವಮಾತೆಯ ಚಿತ್ರದ ಮುಂದೆ ದೀಪದ ಪಕ್ಕದಲ್ಲಿದ್ದ ಪೆನ್‌ಡ್ರೈವ್ ತಂದು ಕೊಟ್ಟಳು. "ಇದನ್ನ ಹಾಕು. ಪಾದ್ರಿಯವರು ಪವಿತ್ರ ನೀರು ಚಿಮುಕಿಸಿದ್ದಾರೆ. ಇದು ಎಬ್ಬಿಸದೆ ಇನ್ಯಾವುದು ಎಬ್ಬಿಸುತ್ತೆ?"

"ಒಳಗೇನಿದೆ ಅಜ್ಜಿ?"

"ಮೊಮ್ಮಗಳ ದೀಕ್ಷಾಸ್ನಾನದ ವಿಡಿಯೊ."

ಸೆವ್ದಾ ಕೈ ಹಿಂದಕ್ಕೆಳೆದುಕೊಂಡಳು. "ಅಯ್ಯೋ, ಅಲ್ಲೇ ಇಟ್ಬಿಡಿ! ಎಬ್ಬಿಸೋ ಡ್ರೈವ್ ಮಾಡುವಾಗ ಅದರಲ್ಲಿರೋದೆಲ್ಲ ಅಳಿಸಿಹೋಗುತ್ತೆ. ಪವಿತ್ರವಾಗಿದ್ರೆ ಸಾಲದು ಅಜ್ಜಿ, ಖಾಲಿ ಇರ್ಬೇಕು."

ಅಜ್ಜಿ ಅದನ್ನು ಎದೆಗವಚಿಕೊಂಡು ಕುಳಿತುಬಿಟ್ಟಳು.

ಸೆವ್ದಾ ವಾಚನಾಲಯಕ್ಕೆ ಹೋದಳು. ಒಳ್ಳೆಯ ಅಂಗಡಿಯ ಹದಿನಾರು ಜಿಬಿಯ ಖಾಲಿ ಪೆನ್‌ಡ್ರೈವನ್ನು ಅಲ್ಲಿನ ಆರೋಗ್ಯವಾಗಿದ್ದ ಕಂಪ್ಯೂಟರಿನಲ್ಲೇ ಎಬ್ಬಿಸುವ ತಂತ್ರಾಂಶ ತುಂಬಿ ಸಿದ್ಧಮಾಡಿ ತಂದಳು. ಜೊತೆಗೊಂದು ಖಾಲಿ ಡಿಸ್ಕ್.

"ಅದ್ಯಾಕೆ ಇನ್ನೊಂದು?" ಕೇಳಿದ ಕರಂಫಿಲ್.

"ಫೋಟೊ ಇಡೋಕೆ. ಸಾಯ್ತಿರೋ ಡಿಸ್ಕಿಗೇ ಮತ್ತೆ ಹೊರೆ ಹೊರಿಸ್ತೀಯಾ? ಈ ಪೆನ್‌ಡ್ರೈವ್ ಏನನ್ನೂ ಹೊಸದಾಗಿ ಹಾಕಲ್ಲ, ಒಳಗಿರೋದನ್ನ ತೋರಿಸುತ್ತೆ ಅಷ್ಟೆ. ಕೆಲವು ಡ್ರೈವ್ ಎಲ್ಲ ಅಳಿಸಿ ಹೊಸದಾಗಿ ಹಾಕ್ತವೆ, ಅದಕ್ಕೇ ಆರಿಸುವಾಗ ಇದನ್ನ ಕೇಳಿ ತಿಳ್ಕೋಬೇಕು."

ಪೆನ್‌ಡ್ರೈವ್ ಚುಚ್ಚಿದಳು. ಕಂಪ್ಯೂಟರ್ ಆನ್ ಮಾಡಿ ಒಂದು ಗುಂಡಿಯನ್ನು ಒತ್ತುತ್ತಲೇ ಇದ್ದಳು. ಪರದೆಯ ಮೇಲೆ ಪಟ್ಟಿ ಬಂತು. ಅದರಲ್ಲಿ ಪೆನ್‌ಡ್ರೈವನ್ನು ಆರಿಸಿದಳು. ಕಪ್ಪು ಪರದೆ ಮೆಲ್ಲಗೆ ನೀಲಿಯಾಯಿತು. ತನ್ನ ಡಿಸ್ಕಿನ ಹಂಗಿಲ್ಲದೆ ಕಂಪ್ಯೂಟರ್ ಎದ್ದು ಕೂತಿತ್ತು! ಸುದ್ದಿ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ನಾನೂ ಒಳಗೆ ನುಗ್ಗಿಬಿಟ್ಟೆ.

ಸೆವ್ದಾ ಮೊದಲು ಫೋಟೊಗಳನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿದಳು. ಆಮೇಲೆ ಒಂದನ್ನು ತೆರೆದು ದೊಡ್ಡದು ಮಾಡಿದಳು. ಕರಿಕಣ್ಣಿನ ಮದುಮಗಳೆಂದು ನಮ್ಮೂರವರು ಕರೆಯುವ ಜಮಖಾನದ ಚಿತ್ತಾರ ಪರದೆ ತುಂಬಿತು. ಒಂದೊಂದು ಎಳೆಯೂ ಬೆರಳಿನಷ್ಟು ದಪ್ಪ.

ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು ಹತ್ತಿರ ಬಂದಳು. "ನನಗೆ ಕಾಣ್ತಿದೆ ಕಣೇ ಸ್ಪಾಸ್ಕಾ! ನೂಲು ಕಾಣ್ತಿದೆ!" ಅವಳ ಬೆರಳು ಪರದೆಯ ಮೇಲೆ ಸರಿದು ಒಂದೆಡೆ ನಿಂತಿತು. "ಇಲ್ಲಿ ನೋಡು, ಕಪ್ಪಿನ ಮಧ್ಯೆ ಕಂದು ಎಳೆ. ಚಿಕ್ಕೋಳಿದ್ದಾಗ ಕಪ್ಪು ಉಂಡೆನ ನಾನು ಬೆಕ್ಕಿಗೆ ಆಡೋಕೆ ಕೊಟ್ಟಿದ್ದೆ. ಅಮ್ಮ ಬೈಕೊಂಡೇ ಕಂದು ನೇಯ್ದಿದ್ಳು."

ಸ್ಪಾಸ್ಕಾ ಹೋಗಿ ಕಂದು ನೂಲಿನ ಉಂಡೆ ಹುಡುಕತೊಡಗಿದಳು.

ಆ ಹಳೆಯ ಡಿಸ್ಕ್ ಮತ್ತೆ ಏಳಲೇ ಇಲ್ಲ. ಅಜ್ಜಿಯ ದೇವರ ಮೂಲೆಯಲ್ಲಿ ಈಗ ಎರಡು ಪೆನ್‌ಡ್ರೈವ್ ಇವೆ. ಕಂಪ್ಯೂಟರ್ ಎಬ್ಬಿಸುವಂಥದ್ದಕ್ಕೆ ಕೆಂಪು ದಾರ ಕಟ್ಟಿದ್ದಾಳೆ, ಇನ್ನೊಂದನ್ನು ಯಾರಿಗೂ ಮುಟ್ಟಗೊಡುವುದಿಲ್ಲ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕಂಪ್ಯೂಟರ್ ಇವತ್ತು ಚೆನ್ನಾಗಿದೆಯೇ? ಹಾಗಾದರೆ ಇವತ್ತೇ ಒಂದು ಒಳ್ಳೆಯ, ಖಾಲಿ ಪೆನ್‌ಡ್ರೈವ್ ಆರಿಸಿ, ಸಿದ್ಧಮಾಡಿ, ಗುರುತು ಕಟ್ಟಿಡಿ. ಕಳೆದುಕೊಳ್ಳಲಾಗದ್ದಕ್ಕೆ ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡಿ. ನಿಮ್ಮ ಮನೆಯ ಕಂದು ಎಳೆಯೂ ಅದರಲ್ಲೆಲ್ಲೋ ಇರುತ್ತದೆ.