ನಮ್ಮ ತೋಟದ ಹಿಮನದಿ

ನನಗೆ ಹೆಣ್ಣು ಸಿಗದಿರುವುದಕ್ಕೆ ಕಾರಣ ನನ್ನ ಬಾಯಿ. ಇದು ನನ್ನ ಮಾತಲ್ಲ, ನಮ್ಮವ್ವ ಜಯಲಕ್ಷ್ಮಮ್ಮನದು. ಸಖರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನೇಶ ಎಂದರೆ ಸಾಕು, ಇನ್ನೂ ನಾಲ್ಕು ಜನ ಅದನ್ನೇ ಹೇಳುತ್ತಾರೆ. ತೆಂಗಿನ ತೋಟವಿದೆ, ಬೋರಿನಲ್ಲಿ ನೀರಿದೆ, ತಲೆಯ ಮೇಲೆ ಕೂದಲು ಹೇಳಿಕೊಳ್ಳುವಷ್ಟಲ್ಲದಿದ್ದರೂ ಇದೆ. ಆದರೆ ಹೆಣ್ಣು ನೋಡಲು ಹೋದಲ್ಲೆಲ್ಲ ನಾನು ಹುಡುಗಿಗೆ ಏನಾದರೊಂದು ಪಾಠ ಮಾಡಿ ಬರುತ್ತೇನೆ. ಬೀರೂರಿನ ನರ್ಸ್ ಹುಡುಗಿಗೆ ಬಿಪಿ ಏಕೆ ಏರುತ್ತದೆಂದು ವಿವರಿಸಿದೆ. ತರೀಕೆರೆಯಲ್ಲಿ ಬ್ಯಾಂಕಿನಲ್ಲಿದ್ದ ಹುಡುಗಿಗೆ ಚಕ್ರಬಡ್ಡಿ ಅರ್ಥ ಮಾಡಿಸಿದೆ. ಎರಡೂ ಮನೆಯಿಂದ 'ಜಾತಕ ಕೂಡ್ಲಿಲ್ಲ' ಅಂತ ಫೋನು ಬಂತು.

ಹೀಗಿರುವಾಗ ಸಂಬಂಧ ಕುದುರಿಸುವ ತೀರ್ಥೇಶಣ್ಣ ಅಜ್ಜಂಪುರದ ಒಂದು ಹೆಣ್ಣಿನ ಸುದ್ದಿ ತಂದ. ಹುಡುಗಿಯ ಹೆಸರು ಸ್ಫೂರ್ತಿ. ತಾಯಿ ಇಲ್ಲ, ತಂದೆ ಮಲ್ಲಿಕಾರ್ಜುನಪ್ಪ ಕರೆಂಟ್ ಆಫೀಸಿನಿಂದ ರಿಟೈರ್ ಆದವರು.

"ಹುಡುಗಿ ಏನ್ ಮಾಡ್ತಾಳೆ?" ಅಂದಳು ಅವ್ವ.

"ಐಸಿನ ಕೆಲಸ ಕಣಕ್ಕ."

"ಐಸ್ ಫ್ಯಾಕ್ಟರಿನಾ? ಲಕ್ಕವಳ್ಳೀಲಿ ಮೀನಿಗೆ ಹಾಕ್ತಾರಲ್ಲ, ಅಂಥದ್ದಾ?"

"ಅಲ್ಲಕ್ಕ. ಹಿಮಾಲಯದಾಗೆ ಹಿಮನದಿ ಐತಲ್ಲ, ಅದನ್ನ ಅಳೆಯೋದು."

"ಅಳೆದು ಯಾರ ಖಾತೆಗೆ ಹಾಕ್ತಾರೆ?" ಅಂದಳು ಅವ್ವ.

ಅವತ್ತಿನಿಂದ ನನ್ನ ಮೊಬೈಲಿನಲ್ಲಿ ಹಿಮನದಿ ಬಿಟ್ಟು ಬೇರೇನೂ ಹರಿಯಲಿಲ್ಲ. ತೋಟಕ್ಕೆ ನೀರು ಕಟ್ಟುವಾಗ ನೋಡಿದೆ, ಹಾಲು ಕರೆಯುವಾಗ ನೋಡಿದೆ, ಊಟದ ತಟ್ಟೆಯ ಮುಂದೆ ನೋಡಿ ಅವ್ವನಿಂದ ಬೈಸಿಕೊಂಡೆ. ಹಿಮ ಬಿದ್ದಲ್ಲೇ ಬಿದ್ದಿರುವುದಿಲ್ಲವಂತೆ. ತನ್ನ ಭಾರಕ್ಕೆ ತಾನೇ ಗಟ್ಟಿಯಾಗಿ, ನಿಧಾನವಾಗಿ ಜಾರುತ್ತದಂತೆ. ತಳದಲ್ಲಿ ಕಚ್ಚಿಕೊಂಡ ಕಲ್ಲುಗಳಿಂದ ನೆಲವನ್ನು ಉಜ್ಜುತ್ತಾ ಬೆಟ್ಟಗಳನ್ನೇ ಕೆತ್ತುತ್ತದಂತೆ. ಮೂವತ್ತನಾಲ್ಕು ವರ್ಷ ಇದೊಂದೂ ತಿಳಿಯದೆ ಅನ್ನ ತಿಂದೆನಲ್ಲ ಅನ್ನಿಸಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ತೆಂಗಿನಕಾಯಿ ಕೆಡವುವ ಗಿಡ್ಡಪ್ಪನನ್ನೂ ಬಿಡಲಿಲ್ಲ.

"ನೋಡೋ ಗಿಡ್ಡಪ್ಪ, ನೀರು ಕೊರೆದ್ರೆ ಕಣಿವೆ ತಳ ಚೂಪಾಗಿರುತ್ತೆ. ಹಿಮ ಕೊರೆದ್ರೆ ದನಕ್ಕೆ ನೀರು ಕುಡಿಸೋ ತೊಟ್ಟಿ ಇದ್ದಂಗೆ, ಅಗಲಕ್ಕೆ!" ಎಂದು ಬುಡದಲ್ಲಿ ನಿಂತು ಕೂಗಿದೆ.

"ಅಣ್ಣೋ, ಮೊದ್ಲು ಆ ಕಡೀಕೆ ಜರುಗು, ಗೊನೆ ಬೀಳ್ತೈತೆ!" ಅಂದ ಅವನು ಮರದ ಮೇಲಿಂದ.

ಅಜ್ಜಂಪುರದಲ್ಲಿ ಕೇಸರಿಬಾತು, ಕಾಫಿ ಆದ ಮೇಲೆ ಹಿರಿಯರು ಎಂದಿನಂತೆ "ಇಬ್ರೂ ಮಾತಾಡ್ಕಳಿ" ಎಂದು ನಮ್ಮನ್ನು ತಾರಸಿಗೆ ಕಳಿಸಿದರು. ಸ್ಫೂರ್ತಿ ಬಿಸಿಲಿಗೆ ಕಂದಿದ ಮುಖದ, ನೇರವಾಗಿ ನೋಡುವ ಹುಡುಗಿ. ನೋಡಿದ ಕೂಡಲೇ ಇಷ್ಟವಾದಳು. ಇಷ್ಟವಾದರೆ ನನ್ನ ಬಾಯಿ ಇನ್ನೂ ಜಾಸ್ತಿ ಓಡುತ್ತದೆ.

ನಾರ್ವೆಯಿಂದ ಶುರುಮಾಡಿದೆ. ಅಲ್ಲಿ ಹಿಮ ಕೊರೆದ ಕಣಿವೆಗಳೊಳಗೆ ಸಮುದ್ರವೇ ನುಗ್ಗಿ ನಿಂತಿದೆ, ಹಡಗುಗಳು ಬೆಟ್ಟಗಳ ಮಧ್ಯೆ ಓಡಾಡುತ್ತವೆ ಎಂದೆ. "ಹೌದು," ಅಂದಳು. ಅಮೆರಿಕದ ಐದು ಮಹಾ ಸರೋವರಗಳು ಹಿಮ ತೋಡಿದ ಗುಂಡಿಗಳು ಎಂದೆ. "ಹ್ಞೂಂ," ಅಂದಳು. ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಶಿಖರವನ್ನು ಹಿಮ ಸುತ್ತಲಿಂದಲೂ ಕೆರೆದು ಕೆರೆದು ದನದ ಕೊಂಬಿನ ಹಾಗೆ ಮಾಡಿದೆ ಎಂದಾಗ ಅವಳು ಒಣಹಾಕಿದ್ದ ಮೆಣಸಿನಕಾಯಿಯನ್ನು ತಿರುವಿ ಹಾಕುತ್ತಿದ್ದಳು. ನಡುವೆ ಒಂದೆರಡು ಸಲ "ನಾವು ಅಲ್ಲಿ..." ಎಂದು ಬಾಯಿ ತೆರೆದಳು. ನಾನು ಆಗಲೇ ನ್ಯೂಜಿಲೆಂಡಿಗೆ ಹೋಗಿದ್ದೆ.

ಕೆಳಗಿದ್ದ ಹಿರಿಯರು ಇನ್ನೇನು ಕರೆಯುತ್ತಾರೆ, ಇವಳ ಮುಖದಲ್ಲಿ ಬೆರಗೆಂಬುದೇ ಇಲ್ಲ. ನನಗೆ ದಿಗಿಲಾಯಿತು. ನ್ಯೂಯಾರ್ಕಿನ ಒಂದು ಪಾರ್ಕಿನಲ್ಲಿ ಹಿಮ ಹೊತ್ತು ತಂದು ಬಿಟ್ಟುಹೋದ ಬಂಡೆಗಳಿವೆ ಎಂದು ಹೇಳುತ್ತಿದ್ದವನು, ಅದೇ ಉಸಿರಿನಲ್ಲಿ, "ಅಂಥದೊಂದು ನಮ್ಮ ತೋಟದಲ್ಲೂ ಇದೆ," ಅಂದುಬಿಟ್ಟೆ.

ಅವಳ ಕೈ ನಿಂತಿತು. "ಎಲ್ಲಿ? ಸಖರಾಯಪಟ್ಟಣದಲ್ಲಾ?"

"ಹೌದ್ರೀ. ಆನೆ ಗಾತ್ರದ ಗುಂಡುಕಲ್ಲು. ಮೈಮೇಲೆ ಉದ್ದಕ್ಕೆ ಗೆರೆ, ಒಂದರ ಪಕ್ಕ ಒಂದು. ಹಿಮ ಉಜ್ಜಿದ್ದೇ."

ಸುಳ್ಳು ಹೇಳಿದೆನೆಂದು ತಿಳಿಯಬೇಡಿ. ಕಲ್ಲು ನಿಜ, ಗೆರೆಯೂ ನಿಜ. ವಿಡಿಯೋದಲ್ಲಿ ತೋರಿಸಿದ ಗೆರೆಗಳೂ ಹಾಗೇ ಇದ್ದವು. ನಾನು ನಂಬಿಯೇ ಹೇಳಿದ್ದು, ಅದೇ ನನ್ನ ಕರ್ಮ.

ಹುಡುಗಿಯ ಕಡೆಯವರು ಗಂಡಿನ ಮನೆ ನೋಡಲು ಬರುವುದು ನಮ್ಮಲ್ಲಿ ಪದ್ಧತಿ. ಹಿರಿಯರು ಬಂದು ತೋಟ, ಬೋರು, ಬಚ್ಚಲುಮನೆ ನೋಡಿ ಹೋಗುತ್ತಾರೆ, ಹುಡುಗಿ ಬರುವುದಿಲ್ಲ. ಮಾರನೇ ವಾರ ತೀರ್ಥೇಶಣ್ಣ ಫೋನು ಮಾಡಿ, "ಲೇ ಹೊನ್ನೇಶ, ಹುಡುಗೀನೂ ಬತ್ತಾಳಂತೆ ಕಣೋ! ಏನೋ ಕಲ್ಲು ನೋಡ್ಬೇಕಂತೆ," ಅಂದಾಗ ಗೆದ್ದೆ ಅಂದುಕೊಂಡೆ. ಔಷಧಿ ಹೊಡೆಯುವ ಪಂಪಿನಲ್ಲಿ ನೀರು ತುಂಬಿ ಕಲ್ಲಿಗೆ ಹೊಡೆದೆ, ಗೆರೆಗಳು ಎದ್ದು ಕಾಣಲೆಂದು ತೆಂಗಿನನಾರಿನಲ್ಲಿ ಉಜ್ಜಿದೆ. ದೂರದಿಂದ ನೋಡಿದ ಅವ್ವ ಏನು ತಿಳಿದಳೋ, ನಾನು ಸ್ನಾನಕ್ಕೆ ಹೋದಾಗ ಬಂದು ಅದಕ್ಕೆ ವಿಭೂತಿ ಬಳಿದು ನಾಲ್ಕು ದಾಸವಾಳ ಏರಿಸಿ ಕೈಮುಗಿದು ಹೋಗಿದ್ದಳು.

ಕಡೂರಿನಿಂದ ಅವರನ್ನು ನಾನೇ ಜೀಪಿನಲ್ಲಿ ಕರೆತಂದೆ. ನೆಟ್ಟಗೆ ಮನೆಗೆ ಬರಬಹುದಿತ್ತು. ಸುತ್ತು ಹಾಕಿ ಅಯ್ಯನಕೆರೆ ಏರಿಯ ಮೇಲೆ ನಿಲ್ಲಿಸಿ, ಶಕುನಗಿರಿಯ ಬುಡದಲ್ಲಿ ತುಂಬಿ ನಿಂತ ನೀರಿನ ಕಡೆ ಕೈ ಚಾಚಿ, ಇದೂ ಹಿಮ ತೋಡಿದ ಗುಂಡಿಯೇ ಇರಬೇಕು ಎಂದೆ.

ಮಲ್ಲಿಕಾರ್ಜುನಪ್ಪ ಜೀಪಿನಿಂದ ಬಗ್ಗಿ ಕೆಳಗೆ ನೋಡಿದರು. "ಇದನ್ನ ಕಟ್ಸಿದ್ದಲ್ವೇನಪ್ಪಾ? ನಾವು ನಿಂತಿರೋದೇ ಏರಿ ಮ್ಯಾಲೆ."

ಸ್ಫೂರ್ತಿ ಕಿಟಕಿಯಾಚೆ ಮುಖ ತಿರುಗಿಸಿಕೊಂಡಳು. ನಗುತ್ತಿದ್ದಳೋ ಏನೋ, ನಾನು ಗೇರು ಹಾಕಿದೆ.

ತೋಟದಲ್ಲಿ ಅವ್ವ, ತೀರ್ಥೇಶಣ್ಣ, ಗಿಡ್ಡಪ್ಪ ಎಲ್ಲರೂ ಕಲ್ಲಿನ ಸುತ್ತ ನಿಂತರು. ಸ್ಫೂರ್ತಿ ಒಂದು ಸುತ್ತು ಬಂದು, ದಾಸವಾಳವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೊಣಕಾಲೂರಿ ಗೆರೆಗಳ ಮೇಲೆ ಬೆರಳಾಡಿಸಿದಳು. ನಾನು ಹಿಂದೆ ನಿಂತು, ಹಿಮ ಯಾವ ದಿಕ್ಕಿನಿಂದ ಬಂತೆಂದು ವಿವರಿಸುತ್ತಿದ್ದೆ. ಅವಳು ಒಂದು ಗೆರೆಯನ್ನು ಉಗುರಿನಿಂದ ಕೆರೆದಳು. ಉಗುರ ತುದಿಗೆ ಹಳದಿ ಬಣ್ಣ ಬಂತು.

"ಇದು ಪೇಂಟು," ಅಂದಳು.

"ಅಯ್ಯೋ, ಅದು ಜೆಸಿಬೀದು ಕಣವ್ವ!" ಅಂದಳು ನಮ್ಮವ್ವ, ಹುಡುಗಿಗೆ ಸಹಾಯ ಮಾಡಿದ ಸಂತೋಷದಲ್ಲಿ. "ಹ್ವಾದ್ ವರ್ಷ ಇವ್ನು ಶಿವಮೊಗ್ಗಕ್ಕೆ ಹೋದಾಗ ಪೈಪ್‌ಲೈನಿಗೆ ಅಡ್ಡ ಆಯ್ತು ಅಂತ ತರಿಸಿದ್ದೆ. ಎಷ್ಟು ಪರಚ್ತು ಅಂತೀಯ! ಬಕೆಟ್ಟಿನ ಹಲ್ಲೇ ಮುರೀತು, ಈ ಕಲ್ಲು ಜಪ್ಪಯ್ಯ ಅನ್ಲಿಲ್ಲ."

ಮೊದಲು ನಕ್ಕವನು ಗಿಡ್ಡಪ್ಪ. ಆಮೇಲೆ ತೀರ್ಥೇಶಣ್ಣ. ಮಲ್ಲಿಕಾರ್ಜುನಪ್ಪ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡರೂ ಹೊಟ್ಟೆ ಕುಲುಕುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಜಟ್ಟಿ ಜಾರಿಬಿದ್ದರೆ ಮೀಸೆ ಮಣ್ಣಾಗಬಾರದಲ್ಲ. "ಗೆರೆ ಜೆಸಿಬೀದು ಇರಬಹುದು, ಆದ್ರೆ ಕಲ್ಲು ಮಾತ್ರ ಹಿಮ ತಂದಿದ್ದೇ..." ಅಂದೆ.

"ಇಲ್ಲ ಕಣ್ರೀ," ಅಂದಳು ಸ್ಫೂರ್ತಿ. "ಇದು ಎಲ್ಲಿಂದ್ಲೂ ಬಂದಿಲ್ಲ. ಇಲ್ಲೇ ನೆಲದೊಳಗಿತ್ತು. ಸುತ್ತ ಇದ್ದ ಮೆತ್ತನೆ ಕಲ್ಲು ಮಳೆ ಬಿಸಿಲಿಗೆ ಪುಡಿಯಾಗಿ ಹೋಯ್ತು, ಗಟ್ಟಿ ಇದ್ದದ್ದು ಉಳ್ಕೊಂಡ್ತು, ಅಷ್ಟೇ."

ಅವಳು ಎದ್ದು ಮೊಣಕಾಲಿನ ಮಣ್ಣು ಕೊಡವಿದಳು. ಅವಳು ನಗುತ್ತಿರಲಿಲ್ಲ.

"ಕಲ್ಲಿನ ವಿಷಯ ತಪ್ಪು ಹೇಳಿದ್ರಿ ಅಂತ ನಂಗೆ ಬೇಜಾರಿಲ್ಲ. ಅವತ್ತು ತಾರಸೀಲಿ ನಾರ್ವೆ ಹೇಳಿದ್ರಿ, ಅಮೆರಿಕ ಹೇಳಿದ್ರಿ. ನಾನು ಮೂರು ಬೇಸಿಗೆ ಹಿಮನದಿ ಮೇಲೇ ಓಡಾಡಿದೀನಿ. ಅಲ್ಲಿ ಹೆಂಗಿರುತ್ತೆ ಅಂತ ನನ್ನನ್ನ ಒಂದು ಮಾತು ಕೇಳ್ಲಿಲ್ಲ."

ಜೆಸಿಬಿ ಮಾತಿಗೆ ನಾಚಿಕೆಯಾಗಿತ್ತು. ಈ ಮಾತು ಎದೆಗೇ ತಾಗಿತು. ಬೀರೂರಿನ ಹುಡುಗಿಯನ್ನು, ತರೀಕೆರೆಯ ಹುಡುಗಿಯನ್ನು ಏನಾದರೂ ಕೇಳಿದ್ದೆನೇ ಎಂದು ನೆನೆಸಿಕೊಂಡೆ. ಹೆಸರು ಕೇಳಿದ್ದೆ, ಅಷ್ಟೇ. ಅದೂ ತೀರ್ಥೇಶಣ್ಣನನ್ನು ಕೇಳಿದ್ದು.

"ಹೆಂಗಿರುತ್ತೆ?" ಅಂದೆ. ಧ್ವನಿ ನನ್ನದೇ ಎಂದು ನನಗೇ ಗೊತ್ತಾಗಲಿಲ್ಲ.

ಅವಳು ಕಲ್ಲಿಗೆ ಒರಗಿ ನಿಂತಳು. "ಬೆಳ್ಳಗಿರಲ್ಲ," ಅಂದಳು. "ಮೊದಲ ದಿನ ನಾಲ್ಕು ಗಂಟೆ ಜಲ್ಲಿ ಮೇಲೆ, ಮಣ್ಣಿನ ಮೇಲೆ ನಡೆದು ಸುಸ್ತಾಗಿ, ಹಿಮನದಿ ಎಲ್ಲಿದೆ ಸಾರ್ ಅಂತ ಕೇಳ್ದೆ. ಆಗಿಂದ ಅದರ ಮೇಲೇ ನಡೀತಿದ್ಯಲ್ಲಮ್ಮ ಅಂದ್ರು."

ಈ ಸಲ ನಕ್ಕದ್ದು ಅವಳೇ. ಹಾಗೆ ಮಣ್ಣು ಮುಚ್ಚಿದ ಹಿಮನದಿಗೆ ಏನೆನ್ನುತ್ತಾರೆ, ಅಂಥವು ಬೇರೆ ಎಲ್ಲೆಲ್ಲಿವೆ ಎಂಬುದು ನನಗೆ ನಾಲಿಗೆ ತುದಿಗೆ ಬಂತು. ಹಲ್ಲು ಕಚ್ಚಿಕೊಂಡೆ.

ಮಧ್ಯಾಹ್ನವಾದರೆ ಕಾಲಡಿಯ ಹಿಮದೊಳಗೆ ಕಾಲುವೆ ನೀರು ಹರಿಯುವ ಹಾಗೆ ಸದ್ದು ಕೇಳುತ್ತದಂತೆ. ಹಿಮಕ್ಕೆ ಆಳವಾಗಿ ತೂತು ಕೊರೆದು ಬಿದಿರಿನ ಗಳ ಇಳಿಸುತ್ತಾರಂತೆ. ಗಳ ಎಷ್ಟು ಹೊರಗೆ ಬಂತೋ ಹಿಮ ಅಷ್ಟು ಕರಗಿತೆಂದು ಲೆಕ್ಕ. "ಹೋದ ಸಲ ಹೋದಾಗ ನಾನೇ ನೆಟ್ಟಿದ್ದ ಗಳಗಳು ಪೂರ್ತಿ ಹೊರಗೆ ಬಂದು ಬಿದ್ದಿದ್ವು. ಅವತ್ತು ಟೆಂಟಿಗೆ ಹೋಗಿ ಅತ್ತೆ," ಅಂದಳು. ಆಮೇಲೆ ನನ್ನನ್ನೇ ನೇರವಾಗಿ ನೋಡಿದಳು. "ಮದುವೆ ಆದ್ರೂ ಪ್ರತಿ ಬೇಸಿಗೆ ಹೋಗ್ತೀನಿ. ಮೇ ತಿಂಗಳಿಗೆ ಹೋದ್ರೆ ಬರೋದು ಸೆಪ್ಟೆಂಬರಿಗೆ. ಅದನ್ನ ಹೇಳೋಣ ಅಂತಲೇ ಅವತ್ತಿಂದ ನೋಡ್ತಿದೀನಿ. ತೀರ್ಥೇಶಣ್ಣ ಹೇಳಿಲ್ವಾ?"

ತೀರ್ಥೇಶಣ್ಣ ತೆಂಗಿನ ಮರದಲ್ಲಿ ಎಷ್ಟು ಕಾಯಿ ಇವೆ ಎಂದು ನೋಡುತ್ತಿದ್ದ.

ಎಲ್ಲರೂ ನನ್ನ ಮುಖ ನೋಡಿದರು. 'ಅಯ್ಯೋ, ಧಾರಾಳವಾಗಿ ಹೋಗಿ' ಅಂದುಬಿಟ್ಟರೆ ದೊಡ್ಡ ಮನುಷ್ಯನ ಹಾಗೆ ಕಾಣುತ್ತಿದ್ದೆ. ಆ ಮಾತೂ ನಾಲಿಗೆ ಮೇಲಿತ್ತು.

"ನಂಗೆ ಭಯ ಆಗ್ತೈತೆ ಕಣ್ರೀ," ಅಂದೆ. "ಅಲ್ಲಿ ಕಾಲು ಜಾರಿದ್ರೆ ಅಂತ. ಇಲ್ಲಿ ಒಬ್ನೇ ಬೇಜಾರೂ ಆಗುತ್ತೆ. ಆದ್ರೆ ಅದು ನನ್ನ ಕಷ್ಟ. ಅದಕ್ಕೆ ನೀವ್ಯಾಕೆ ಕೆಲಸ ಬಿಡ್ಬೇಕು?"

ಅವ್ವ ಅವಳನ್ನು, "ಅಲ್ಲಿ ಉಣ್ಣಾಕೆ ಏನ್ ಮಾಡ್ತೀಯವ್ವ?" ಎಂದು ಕೇಳಿದಳು. ಅಷ್ಟು ಎತ್ತರದಲ್ಲಿ ಅನ್ನ ಸುಲಭಕ್ಕೆ ಬೇಯುವುದಿಲ್ಲ ಎಂದು ತಿಳಿದು ಅವ್ವನಿಗೆ ಹಿಮ ಕರಗುವುದಕ್ಕಿಂತ ಅದೇ ದೊಡ್ಡ ಅನಾಹುತವಾಗಿ ಕಂಡಿತು.

ಮನೆಯ ಮುಂದೆ ಬಂದಾಗ ಅವ್ವ ಉಪಚಾರಕ್ಕೆ, "ಅಡಿಗೆ ಆಗೈತೆ, ಉಂಡ್ಕಂಡ್ ಹೋಗಿ," ಅಂದಳು. ಮಲ್ಲಿಕಾರ್ಜುನಪ್ಪ ಕೈಮುಗಿದರು. ಹೆಣ್ಣು ಕೊಡುವುದು ಗಟ್ಟಿಯಾಗುವವರೆಗೆ ಗಂಡಿನ ಮನೆಯಲ್ಲಿ ಕಾಫಿ ಕುಡಿದಾರು, ಎಲೆಯ ಮುಂದೆ ಕೂರುವುದಿಲ್ಲ. ಅದು ನಮ್ಮ ಎರಡೂ ಊರಿನ ರೂಢಿ. ಕೂತರೆ ಒಪ್ಪಿದರು ಎಂದೇ ಅರ್ಥ. "ಇನ್ನೊಂದ್ಸಲ ನೋಡಾಣ ಬಿಡಿ ತಾಯಿ, ಬಸ್ಸಿನ ಹೊತ್ತಾಯ್ತು," ಎಂದು ಅವರು ಚಪ್ಪಲಿ ಮೆಟ್ಟಿದರು. ಜಾತಕ ಕೂಡಲಿಲ್ಲ ಅಂತ ಫೋನು ಯಾವಾಗ ಬರುತ್ತದೆ, ನಾಳೆಯೋ ನಾಡಿದ್ದೋ ಎಂದು ಯೋಚಿಸುತ್ತಾ ಜೀಪಿನ ಕೀಲಿ ತೆಗೆದೆ.

ಸ್ಫೂರ್ತಿ ಚಪ್ಪಲಿ ಬಿಟ್ಟಲ್ಲೇ ಬರಿಗಾಲಲ್ಲಿ ನಿಂತಿದ್ದಳು.

"ಅಪ್ಪಾ, ನಂಗೆ ಹಸಿವಾಗ್ತಿದೆ. ಊಟ ಮಾಡ್ಕೊಂಡೇ ಹೋಗಣ."

ಮಲ್ಲಿಕಾರ್ಜುನಪ್ಪ ಮಗಳ ಮುಖವನ್ನು ಒಂದು ಗಳಿಗೆ ನೋಡಿದರು. ಮತ್ತೆ ಚಪ್ಪಲಿ ಕಳಚಿದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಓಡಿದಳು. ನಾನು ಒಂದೂ ಮಾತಾಡದೆ ಬಾಳೆ ಎಲೆ ಕೊಯ್ಯಲು ಹಿತ್ತಲಿಗೆ ಹೋದೆ.