ಕುಂಡದ ಮೇಲಿನ ಗೆರೆ

ಏಳನೆಯ ಕುಂಡವನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಅದು ಮೇಲೇಳದಂತೆ ಎರಡೂ ಕೈಯಿಂದ ಅದುಮಿ ಹಿಡಿದಿದ್ದಾಗ ಬಚ್ಚಲುಮನೆಯ ಬಾಗಿಲು ದಬದಬ ಸದ್ದು ಮಾಡಿತು.

“ಪುಟ್ಟೀ, ಒಳಗೇನು ಮಾಡ್ತಿದೀಯ? ಹೊರಗೆ ಜನ ಬಂದು ಕೂತಿದಾರೆ!”

ಅಣ್ಣನ ದನಿ. ಐವತ್ತೆಂಟು ತುಂಬಿದ ತಂಗಿ ಅವನಿಗೆ ಇನ್ನೂ ಪುಟ್ಟಿಯೇ. ಕುಂಡಕ್ಕೆ ಮಣ್ಣಿನ ಬದಲು ತುಂಬಿದ್ದ ತೊಗಟೆ ಚೂರುಗಳ ಸಂದಿಯಿಂದ ಒಂದು ಬಸವನಹುಳು ತೇಲಿ ಮೇಲೆ ಬರುತ್ತಿತ್ತು. ಅದನ್ನು ಹಿಡಿದು ಕಿಟಕಿಯಾಚೆ ಎಸೆದಳು. ಬೇಸಿಗೆ, ಮಳೆಗಾಲವೆಲ್ಲ ಬಾಲ್ಕನಿಯಲ್ಲಿದ್ದ ಆರ್ಕಿಡ್‌ಗಳನ್ನು ಚಳಿ ಹೊಡೆಯುವ ಮುಂಚೆ ಒಳಗೆ ತರಬೇಕು. ತರುವ ಮುಂಚೆ ಹೀಗೆ ನೀರಿನಲ್ಲಿ ಅದ್ದಿ ಬುಡದ ಹುಳಹುಪ್ಪಟೆಯನ್ನೆಲ್ಲ ಹೊರಗಟ್ಟಬೇಕು. ಸೊಂಟಕ್ಕೆ ಸೆರಗು ಸಿಕ್ಕಿಸಿ ಇದನ್ನು ಮಾಡುತ್ತಿದ್ದವಳು ಅಕ್ಕ. “ಗುರುವಾರ ತಂದ್ಬಿಡೋಣ ಪುಟ್ಟಿ, ಅವತ್ತು ರಾತ್ರಿ ಚಳಿ ಬೀಳುತ್ತಂತೆ” ಎಂದು ಸೋಮವಾರವೇ ಹೇಳಿದ್ದಳು. ಬುಧವಾರ ತಮ್ಮ ಟೈಲರ್ ಅಂಗಡಿಯಲ್ಲಿ ಒಂದು ಶಾಲಾ ಸಮವಸ್ತ್ರದ ಅಂಚು ಹೊಲಿಯುತ್ತಾ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಮತ್ತೆ ಎತ್ತಲಿಲ್ಲ.

ಇವತ್ತು ಗುರುವಾರ. ಅಕ್ಕ ಹೋದಳೆಂದು ಚಳಿ ಶುಕ್ರವಾರಕ್ಕೆ ಮುಂದೆ ಹೋಗುತ್ತದೆಯೇ?

ಒದ್ದೆ ಕುಂಡವನ್ನು ಎದೆಗವಚಿಕೊಂಡು ಹೊರಗೆ ಬಂದಾಗ ಹಜಾರದಲ್ಲಿ ಕೂತವರೆಲ್ಲ ಅವಳನ್ನೇ ನೋಡಿದರು. ಕಿಟಕಿಯ ಪಕ್ಕ, ಮಂಚದ ಮೇಲೆ, ಅಕ್ಕ ಮಲಗಿದ್ದಳು. ಆ ಮನೆಯಲ್ಲಿ ಗಿಡಗಳಿಗೆ ಒಗ್ಗುವ ಕಿಟಕಿ ಅದೊಂದೇ.

“ತಲೆಗಿಲೆ ಕೆಟ್ಟಿದ್ಯಾ ನಿಂಗೆ?” ಅಣ್ಣ ಪಿಸುದನಿಯಲ್ಲೇ ಗದರಿದ. “ಅವಳಿನ್ನೂ ಮನೆಯಲ್ಲೇ ಇದಾಳೆ. ನೋಡಿದೋರು ಏನಂತಾರೆ?”

“ದಾರಿ ಬಿಡಣ್ಣ, ನೀರು ಸೋರ್ತಿದೆ” ಎಂದಳು ಪುಟ್ಟಿ.

ಅಣ್ಣ ದಾರಿ ಬಿಟ್ಟ. ಬಿಟ್ಟ ಮೇಲೆ ತಾನೇಕೆ ಬಿಟ್ಟೆ ಎಂದು ಅವನಿಗೇ ಆಶ್ಚರ್ಯವಾದ ಹಾಗಿತ್ತು. ಹುಟ್ಟಿದಾಗಿನಿಂದ ಈ ತಂಗಿಯ ಬಾಯಲ್ಲಿ “ಹೂಂ ಅಣ್ಣ” ಬಿಟ್ಟು ಬೇರೆ ಮಾತು ಕೇಳಿದವನಲ್ಲ ಅವನು. ಎದುರು ಮಾತು ಏನಿದ್ದರೂ ಅಕ್ಕನ ಖಾತೆ.

•

ಅಪ್ಪ ತೀರಿಕೊಂಡ ವರ್ಷ ಅಣ್ಣ ಟೆಂಪೋ ಮಾಡಿಕೊಂಡು ಬಂದಿದ್ದ. ಮದುವೆಯಾಗದ ಇಬ್ಬರು ತಂಗಿಯರನ್ನು ತನ್ನ ಮನೆಯ ಹಿಂದಿನ ರೂಮಿಗೆ ಸಾಗಿಸುವುದೆಂದು ಅವನೇ ಕೂತು, ಅವನೇ ತೀರ್ಮಾನಿಸಿದ್ದ. ಆ ರೂಮಿಗೊಂದು ಕಿಟಕಿಯಿತ್ತು, ತೆರೆದರೆ ಪಕ್ಕದ ಮನೆಯ ಗೋಡೆ. ಪುಟ್ಟಿ ಹೂಂ ಎಂದು ಬಟ್ಟೆ ಮಡಚಿದ್ದೂ ಆಗಿತ್ತು. ಅಕ್ಕ ಮಾತ್ರ ಯಂತ್ರದ ಮುಂದಿಂದ ಏಳಲಿಲ್ಲ. ಪೆಡಲ್ ತುಳಿಯುತ್ತಲೇ ಕೇಳಿದಳು:

“ಟೆಂಪೋಗೆ ದುಡ್ಡು ಕೊಟ್ಟಾಯ್ತಾ ಅಣ್ಣ?”

“ಆಯ್ತು.”

“ಹಾಗಾದ್ರೆ ಸುಮ್ನೆ ಯಾಕೆ ವಾಪಸ್ ಕಳಿಸೋದು?”

ಎದ್ದು ಟೆಂಪೋ ಹತ್ತಿ ಹೊರಟೇಹೋದಳು. ಎರಡು ಗಂಟೆಯ ಮೇಲೆ ನರ್ಸರಿಯಿಂದ ಮೂರು ಆರ್ಕಿಡ್ ಕುಂಡ ಹೇರಿಕೊಂಡು ಬಂದಳು. ಅಣ್ಣ ಹಣೆ ಚಚ್ಚಿಕೊಂಡ. “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ!”

“ಹಿಟ್ಟು ನಾವೇ ದುಡ್ಕೋತೀವಿ. ಮಲ್ಲಿಗೆ ವಿಷಯ ನಿಂಗ್ಯಾಕೆ?” ಎಂದಳು ಅಕ್ಕ.

ಆ ಮೂರು ಈಗ ಹನ್ನೊಂದಾಗಿವೆ. ಪ್ರತಿ ಕುಂಡದ ಮೇಲೂ, ಬೆಳಕಿನ ಕಡೆಗಿದ್ದ ಬದಿಗೆ, ಅಕ್ಕ ಒಂದು ಬಿಳಿ ಗೆರೆ ಎಳೆದಿದ್ದಳು. ಬಟ್ಟೆಗೆ ಗುರುತು ಹಾಕುವ ಮೇಣದ ಸೀಮೆಸುಣ್ಣ, ನೀರಿಗೆ ಅಳಿಯುವುದಿಲ್ಲ. ಒಮ್ಮೆ ಪುಟ್ಟಿ ಧೂಳು ಒರೆಸುವಾಗ ಮೊಗ್ಗು ಬಿಟ್ಟ ಕುಂಡವೊಂದನ್ನು ತಿರುಗಿಸಿಟ್ಟುಬಿಟ್ಟಿದ್ದಳು. ವಾರದೊಳಗೆ ಹದಿನಾಲ್ಕು ಮೊಗ್ಗೂ ಉದುರಿದವು. ಅಕ್ಕ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಹೇಳಿದಳು: “ನಿದ್ದೆಯಲ್ಲಿ ನಿನ್ನನ್ನ ಯಾರಾದ್ರೂ ಕಾಲ ಕಡೆಗೆ ತಲೆ ಮಾಡಿ ಮಲಗಿಸಿದ್ರೆ ಎದ್ದಾಗ ದಿಕ್ಕು ತಪ್ಪಲ್ವೇನೇ? ಅದಕ್ಕೂ ಹಾಗೇ. ಒಳಗೆ ತಾ, ಹೊರಗೆ ಇಡು, ಅದರ ಗೆರೆ ಮಾತ್ರ ಬೆಳಕಿನ ಕಡೆ ಇರಲಿ.”

•

ಹತ್ತು ಗಂಟೆಗೆ ಕೆಳಗಿನ ಮನೆಯ ಓನರಮ್ಮ ಬಂದರು. ಪುಟ್ಟಿಯ ಒದ್ದೆ ಕೈ ಹಿಡಿದು ಕಣ್ಣೊರೆಸಿಕೊಂಡರು.

“ಎಂಥಾ ಗಟ್ಟಿಗಿತ್ತಿ! ಹೋಗ್ಲಿ ಬಿಡಮ್ಮ, ಅಣ್ಣನ ಮನೆ ಇದೆಯಲ್ಲ ನಿಂಗೆ. ನೀನು ತಿಂಗಳ ಕೊನೆವರೆಗೂ ಇದ್ರೂ ನಂಗೇನೂ ಅಭ್ಯಂತರ ಇಲ್ಲ. ನಿಮ್ಮಣ್ಣನೇ ಅವಸರ ಮಾಡಿದ್ರು, ಇವತ್ತೇ ಕರ್ಕೊಂಡು ಹೋಗ್ತೀನಿ, ಬೀಗದ ಕೈ ನಾಳೆ ಕೊಡ್ತೀನಿ ಅಂತ.”

ಪುಟ್ಟಿ ಅಣ್ಣನ ಕಡೆ ತಿರುಗಿದಳು. ಅಣ್ಣ ಗೋಡೆಯ ಕಡೆ ನೋಡುತ್ತಿದ್ದ.

“ನನ್ನನ್ನ ಕೇಳಿದ್ಯಾ?” ಎಂದಳು.

“ಕೇಳೋದೇನಿದೆ? ಒಂಟಿ ಹೆಂಗಸು. ಹಿಂದಿನ ರೂಮು ಗುಡಿಸಿಟ್ಟಿದೀವಿ. ಗಿಡ ಗಿಡ ಅಂತ ಒದ್ದಾಡ್ಬೇಡ, ಯಾರಿಗಾದ್ರೂ ಕೊಟ್ಟರಾಯ್ತು.”

ಅವನು ಕೆಟ್ಟವನೇನಲ್ಲ. ರಾತ್ರಿಯೆಲ್ಲ ಅತ್ತು ಕೆಂಪಾದ ಕಣ್ಣು ಅವನದು. ಆದರೆ ಒಳ್ಳೆಯದು ಮಾಡುತ್ತೇನೆಂದು ಹೊರಟವನ ಕೈಯಿಂದ ಪಾರಾಗುವುದಿದೆಯಲ್ಲ, ಅದರಷ್ಟು ಕಷ್ಟ ಬೇರೆ ಇಲ್ಲ. ಪುಟ್ಟಿಯ ನಾಲಿಗೆಯ ತುದಿಗೆ ಹಳೆಯ “ಹೂಂ” ಬಂದು ಕೂತಿತ್ತು. ಮೂವತ್ತು ವರ್ಷ ಅಕ್ಕ ಹೊಲಿದ ಅಂಗಿಗಳಿಗೆ ಕಾಜಾ ಹೊಲಿದು, ಗುಂಡಿ ಹಚ್ಚಿ ಕಳೆದವಳು. ಬಟ್ಟೆ ಕತ್ತರಿಸುವ ಧೈರ್ಯ ಅಕ್ಕನದು, ತನ್ನದು ದಾರ ಕಡಿಯುವಷ್ಟೇ ಎಂದುಕೊಂಡವಳು.

ಆಗ ಕರಕ್ ಎಂದು ಕತ್ತರಿಯ ಸದ್ದಾಯಿತು. ಬಾಲ್ಕನಿಯಲ್ಲಿ ಅತ್ತಿಗೆ, ಕೈಯಲ್ಲಿ ಅಕ್ಕನ ದೊಡ್ಡ ಕತ್ತರಿ. ಪೂರ್ತಿ ಅರಳಿ ನಿಂತ ನೇರಳೆ ಆರ್ಕಿಡ್ಡಿಗೆ ಕಟ್ಟಿದ್ದ ಆಸರೆಯ ದಾರ ಆಗಲೇ ತುಂಡಾಗಿತ್ತು. ಇನ್ನು ಕತ್ತರಿ ಬೀಳಬೇಕಿದ್ದುದು ಹೂವಿನ ಕಡ್ಡಿಗೇ.

“ಅತ್ತಿಗೇ!”

ಪುಟ್ಟಿ ಹೋಗಿ ಕೈ ಚಾಚಿದಳು. “ಕತ್ತರಿ ಕೊಡಿ.”

“ಅವಳ ಎದೆ ಮೇಲೆ ಇಡೋಣಾಂತ ಕಣೆ... ಅವಳೇ ಬೆಳೆಸಿದ್ದಲ್ವಾ?”

“ಅಕ್ಕ ಇಡೀ ದಿನ ಕತ್ತರಿ ಹಿಡೀತಿದ್ಲು ಅತ್ತಿಗೆ. ಮನೆಗೆ ಬಂದ್ಮೇಲೆ ಒಂದು ಹೂವನ್ನೂ ಕತ್ತರಿಸಿದವಳಲ್ಲ. ಮತ್ತೆ ಈ ಕತ್ತರಿ ಬಟ್ಟೆ ಬಿಟ್ಟು ಕಾಗದಾನೂ ಕಂಡಿಲ್ಲ. ಕೊಡಿ ಇಲ್ಲಿ.”

ಅತ್ತಿಗೆ ಕೊಟ್ಟರು. ಅಣ್ಣ ಎದ್ದು ಬಂದ. “ಹಾಗಾದ್ರೆ ಒಂದು ಹೂವೂ ಇಲ್ದೆ ಕಳಿಸೋದಾ ಅವಳನ್ನ?”

“ಹೂವು ಬರುತ್ತೆ. ಗಿಡದ ಸಮೇತ ಬರುತ್ತೆ, ಗಿಡದ ಸಮೇತ ವಾಪಸ್ಸು ಮನೆಗೆ ಬರುತ್ತೆ.” ಪುಟ್ಟಿ ಕತ್ತರಿಯ ಬಾಯಿ ಮುಚ್ಚಿದಳು. “ಈ ಮನೆಗೆ. ನಾನೂ ಅಷ್ಟೇ. ಓನರಮ್ಮ, ಬೀಗದ ಕೈ ನನ್ನ ಹತ್ರಾನೇ ಇರುತ್ತೆ. ಬಾಡಿಗೆ ನಾನು ಕೊಡ್ತೀನಿ.”

ಅಂಗಡಿಯ ಪಕ್ಕದಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಇಸ್ತ್ರಿ ಮಾಡುವವರೊಬ್ಬರು ಮೂಲೆಯಿಂದ ಎದ್ದು ತೋಳು ಮಡಚಿದರು.

“ಇನ್ನೆಷ್ಟು ಕುಂಡ ಉಳಿದಿದೆ ಚಿಕ್ಕಕ್ಕ?”

“ನಾಲ್ಕು. ಒಂದು ನನ್ನ ಜೊತೆ ಬರುತ್ತೆ, ಮೂರು ಒಳಗೆ.”

“ಸ್ಮಶಾನದ ವ್ಯಾನು ಹನ್ನೊಂದಕ್ಕೆ. ನೀವು ಅದ್ದಿ ಕೊಡಿ, ನಾವು ಸಾಗಿಸ್ತೀವಿ.”

“ತಿರುಗಿಸ್ಬೇಡಿ ಮತ್ತೆ. ಗೆರೆ ಕಿಟಕಿ ಕಡೆ.”

“ದೊಡ್ಡಕ್ಕ ಎಷ್ಟು ಸಲ ಬೈದಿಲ್ಲ ನಂಗೆ? ಗೊತ್ತು ಬಿಡಿ.”

ಸಾವಿನ ಮನೆಗೆ ಬಂದವರು ಒಬ್ಬೊಬ್ಬರಾಗಿ ಎದ್ದರು. ಕೈಯಲ್ಲಿ ಕುಂಡ, ಕಣ್ಣು ಗೆರೆಯ ಮೇಲೆ, ಏಡಿಗಳ ಹಾಗೆ ಅಡ್ಡಡ್ಡ ನಡೆದು ಅಕ್ಕನ ಮಂಚ ಬಳಸಿ ಹೋದರು. ಓನರಮ್ಮ ಮೂಗೊರೆಸಿಕೊಳ್ಳುತ್ತಲೇ ತಟ್ಟೆಗಳಿಗೆ ಬೆಣಚುಕಲ್ಲು ಹರಡಿ ನೀರು ಹೊಯ್ದು ಕೊಟ್ಟರು, ಕುಂಡ ಅದರ ಮೇಲೆ ಕೂರಲೆಂದು. ಒಬ್ಬರಂತೂ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದರು. ಹತ್ತು ಕುಂಡಗಳು ಅಕ್ಕನ ತಲೆಯ ಹಿಂದಿನ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಕೂತವು. ಪುಟ್ಟಿ ತೆಳು ಪರದೆಯನ್ನು ಅರ್ಧ ಎಳೆದು, ಬಗ್ಗಿ ಅಕ್ಕನ ಹಣೆ ಮುಟ್ಟಿದಳು. “ಗುರುವಾರಾನೇ ಒಳಗೆ ತಂದೆ ಕಣೆ” ಎಂದಳು. ಆಮೇಲೆ ತಡೆಯಲಾಗಲಿಲ್ಲ, ಜೋರಾಗಿ ಅತ್ತಳು.

•

ವ್ಯಾನಿನಲ್ಲಿ ಅಕ್ಕನ ಎರಡೂ ಪಕ್ಕ ಉದ್ದದ ಬೆಂಚು. ನೇರಳೆ ಆರ್ಕಿಡ್ಡಿನ ಕುಂಡಕ್ಕೆ ಅಕ್ಕ ಅರ್ಧ ಹೊಲಿದಿದ್ದ ಸಮವಸ್ತ್ರದ ಬಟ್ಟೆ ಸುತ್ತಿತ್ತು, ಗೆರೆಯಷ್ಟು ಜಾಗ ಬಿಟ್ಟು. ಬಿಸಿಲು ಬೀಳುತ್ತಿದ್ದುದು ಅಣ್ಣ ಕೂತ ಕಿಟಕಿಯಿಂದ. ಪುಟ್ಟಿ ಕುಂಡವನ್ನು ಅವನ ತೊಡೆಯ ಮೇಲಿಟ್ಟಳು.

“ಗಟ್ಟಿಯಾಗಿ ಹಿಡ್ಕೋ. ಗೆರೆ ಬೆಳಕಿನ ಕಡೆ.”

ಅಣ್ಣ ಹಿಡಿದ. ಹಿಡಿಯದೆ ಬಿಟ್ಟರೆ ಬೀಳುತ್ತಿತ್ತು. ವ್ಯಾನು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವನು ಬಾಯಿ ತೆರೆದ.

“ನೋಡು ಪುಟ್ಟಿ, ಸಂಜೆ ಟೆಂಪೋಗೆ ಹೇಳಿಬಿಟ್ಟಿದೀನಿ...”

ವ್ಯಾನು ದೊಡ್ಡ ರಸ್ತೆಗೆ ತಿರುಗಿತು. ಬಿಸಿಲು ಅಣ್ಣನ ಕಿಟಕಿ ಬಿಟ್ಟು, ಅಕ್ಕನ ಮೇಲೆ ಹಾದು, ಎದುರು ಬದಿಗೆ ಬಂತು.

“ಅಣ್ಣ” ಎಂದಳು ಪುಟ್ಟಿ. “ಗೆರೆ.”

ಅವನು ಅವಳ ಮುಖ ನೋಡಿದ. ನಡುವೆ ಮಲಗಿದ್ದವಳನ್ನು ನೋಡಿದ. ಆಮೇಲೆ ಎರಡೂ ಕೈಯಿಂದ, ಹೂವು ಅಲುಗದಂತೆ, ಕುಂಡವನ್ನು ಮೆಲ್ಲಗೆ ತಿರುಗಿಸಿದ.

“ಇನ್ನೂ ಸ್ವಲ್ಪ” ಎಂದಳು ಪುಟ್ಟಿ.

ಅವನು ಇನ್ನೂ ಸ್ವಲ್ಪ ತಿರುಗಿಸಿದ.